ಪಟ್ಟಣದಲ್ಲಿ ಕೂಲಿ ಹೆಚ್ಚೇಕೆ?

ಹಳ್ಳಿಯಲ್ಲಿ ಗಾರೆಕೆಲಸ ಮಾಡುತ್ತಿದ್ದವನು ಬೆಂಗಳೂರಿಗೆ ಬಂದರೆ ಅದೇ ಕರಣೆ, ಅದೇ ಕೈಗಳಿಗೆ ಹೆಚ್ಚಿನ ಕೂಲಿ ದೊರೆಯುವುದೆಂಬುದು ವಾಚಕರಿಗೆ ತಿಳಿದೇ ಇದೆ. ಪಟ್ಟಣದಲ್ಲಿ ಎಲ್ಲವೂ ತುಟ್ಟಿಯಾದುದರಿಂದ ಕೂಲಿಯೂ ಹೆಚ್ಚೆಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಪೂರ್ತಿ ಸತ್ಯವಲ್ಲವೆಂದು ನಮ್ಮ ಅಭಿಪ್ರಾಯ. ಬಾಡಿಗೆಯ ಭಾರಕ್ಕೆ ಅಂಜಿ ಜನರು ಬಾರದೆ ಹೋದಾರೆಂದು ಯಜಮಾನರು ಕೂಲಿಯನ್ನು ಏರಿಸುವುದು ನಿಜ. ಆದರೆ ಹಾಗೆ ಏರಿಸಿಯೂ ನಷ್ಟಪಡದೆ ಅವರು ಪಟ್ಟಣದಲ್ಲಿಯೇ ನಿಲ್ಲುವುದು ಹೇಗೆ?

ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞನಾದ ಆಡಂ ಸ್ಮಿತ್ತನು 1776ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಲಂಡನ್ನಿನ ದಿನಗೂಲಿಯು 18 ಪೆನ್ಸ್ ಎಂದೂ, ಕೆಲವೇ ಮೈಲಿಗಳಾಚೆ ಅದು 14–15 ಪೆನ್ಸಿಗೆ ಇಳಿಯುವುದೆಂದೂ ಬರೆದನು. ರೊಟ್ಟಿ ಮಾಂಸಗಳ ಬೆಲೆಯಾದರೋ ಆ ದೇಶದ ಬಹುಭಾಗದಲ್ಲಿ ಹೆಚ್ಚುಕಡಮೆ ಒಂದೇ ಆಗಿದ್ದಿತಂತೆ! ತುಟ್ಟಿಯೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಮಾರುಕಟ್ಟೆಯು ವಿಸ್ತಾರವಾದಷ್ಟೂ ಕೆಲಸವು ವಿಭಾಗಗೊಳ್ಳುವುದೆಂಬುದು ಅವನ ಪ್ರಸಿದ್ಧವಾದ ವಾದ.

ನಮ್ಮ ಹಳ್ಳಿಯ ಬಡಗಿಯನ್ನು ನೋಡಿರಿ. ನೇಗಿಲು, ಬಾಗಿಲು, ಗಾಡಿಯ ಚಕ್ರ ಎಲ್ಲವೂ ಅವನ ಪಾಲಿಗೆ. ನಡುನಡುವೆ ಕೆಲಸವಿಲ್ಲದ ದಿನಗಳೂ ಅವನ ಪಾಲಿಗೇ. ಬೆಂಗಳೂರಿನ ಪೀಣ್ಯದ ಕಾರಖಾನೆಗಳಲ್ಲಿ ಒಬ್ಬನು ಲೇತಿನಲ್ಲಿ ಕಡೆದರೆ ಇನ್ನೊಬ್ಬನು ಸಾಣೆ ಹಿಡಿಯುವನು. ಯಂತ್ರದ ಬಿಡಿಭಾಗವೊಂದು ಮುರಿದರೆ ಸಮೀಪದ ಬೀದಿಯಲ್ಲೇ ಸಿಕ್ಕುವುದು. ಯಂತ್ರವೂ ಆಳೂ ಬಹಳ ಹೊತ್ತು ಸುಮ್ಮನಿರಬೇಕಾಗಿಲ್ಲ. ಒಂದೇ ದಿನದಲ್ಲಿ ಹೆಚ್ಚು ಮಾಲು ಹೊರಬೀಳುವುದರಿಂದ ಹೆಚ್ಚು ಕೂಲಿ ಕೊಟ್ಟರೂ ಗಿಟ್ಟುವುದು. ಇಲ್ಲಿ ಕಡಮೆ ಕೊಟ್ಟರೆ ಪಕ್ಕದ ಷೆಡ್ಡಿನವನು ಕರೆದಾನೆಂಬ ಧೈರ್ಯವೂ ಕೆಲಸಗಾರನಿಗುಂಟು.

ಗೃಹಸ್ಥರು ವಿಶೇಷವಾಗಿ ಗಮನಿಸತಕ್ಕ ಕಾರಣವು ಮತ್ತೊಂದಿದೆ. ಸ್ಪೇನ್ ದೇಶದ ಕೆಲಸಗಾರರ ಹಲವು ವರ್ಷಗಳ ಸಂಪಾದನೆಯನ್ನು ಪರಿಶೀಲಿಸಿ ಇಬ್ಬರು ವಿದ್ವಾಂಸರು 2017ರಲ್ಲಿ ಪ್ರಕಟಿಸಿದ ಲೇಖನದಂತೆ, ಮ್ಯಾಡ್ರಿಡ್ಡಿನಂತಹ ದೊಡ್ಡ ಪಟ್ಟಣದಲ್ಲಿ ಪಡೆದ ಅನುಭವಕ್ಕೆ ಬೆಲೆ ಹೆಚ್ಚು. ಪಟ್ಟಣವನ್ನು ಬಿಟ್ಟ ಮೇಲೂ ಆ ಬೆಲೆ ಬಹುಮಟ್ಟಿಗೆ ಉಳಿಯುವುದು. ಅಂದರೆ ಹೆಚ್ಚಿನ ಕೂಲಿಯಲ್ಲಿ ಒಂದು ಪಾಲು ಕೆಲಸಗಾರನ ಜೊತೆಯಲ್ಲಿಯೇ ಊರಿಗೆ ಹಿಂದಿರುಗತಕ್ಕದ್ದು. ಮಗನನ್ನು ಕಳುಹಿಸುವಾಗ ಸಂಬಳವೆಷ್ಟೆಂದು ನಾವೆಲ್ಲರೂ ಕೇಳುವೆವು. ಜಾಣರಾದವರು ಬಾಡಿಗೆ, ಮುಂಗಡ, ಬಸ್ಸಿನ ಖರ್ಚುಗಳನ್ನೂ ಕಳೆದು ನೋಡುವರು. ಅಲ್ಲಿ ಅವನು ಕಲಿಯುವುದೇನೆಂದು ವಿಚಾರಿಸುವವರನ್ನು ಮಾತ್ರ ನಾವು ಕಂಡುದು ಕಡಮೆ.

ಪಟ್ಟಣದ ಕೆಲಸಗಳೆಲ್ಲವೂ ಹೀಗೆ ಕಲಿಸುವುದಿಲ್ಲ. ಸಿದ್ಧ ಉಡುಪಿನ ಕಾರಖಾನೆಯಲ್ಲಿ ವರ್ಷಗಟ್ಟಲೆ ಕಾಲರನ್ನೇ ಹೊಲಿದ ಹೆಣ್ಣುಮಗಳು ಊರಿಗೆ ಮರಳಿದಾಗ ಒಂದು ರವಿಕೆಯನ್ನು ಪೂರ್ತಿಯಾಗಿ ಹೊಲಿಯಲಾರದೆ ಹೋಗಬಹುದು.