ಕ್ಯಾಸನೂರಿಗೆ ಕೋಡ್ ಇದೆ, ಹಂದಿಗೋಡಿಗೆ ಯಾಕಿಲ್ಲ?

ನಮ್ಮ ದೊಡ್ಡಮ್ಮನ ಡಿಸ್ಚಾರ್ಜ್ ಚೀಟಿ ಮುಂದೆ ಇಟ್ಕೊಂಡು ಇದನ್ನ ಬರೀತಿದ್ದೀನಿ. ಕಾಯಿಲೆ ಅನ್ನೋ ಜಾಗದಲ್ಲಿ "ಸೊಂಟದ ಕೀಲು ಸವೆತ" ಅಂತಿದೆ, ಪಕ್ಕದಲ್ಲಿ ಕೋಡ್ ಎಂ 16. ಅಷ್ಟೇ. ಇಪ್ಪತ್ತೈದಕ್ಕೇ ಕುಂಟೋಕೆ ಶುರುವಾದ ಹೆಂಗಸು ಅವರು. ಅವರ ಅಪ್ಪನಿಗೂ ಅಣ್ಣನಿಗೂ ಇದೇ ಇತ್ತು. ಅವರಿಗೆ ಬರೆದಿರೋದು ವಯಸ್ಸಾದವರ ಕೀಲು ಸವೆತಕ್ಕೆ ಬರೆಯೋ ಕೋಡ್.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಮ್ಮ ಕೇರಿಗಳಲ್ಲಿ ಇದಕ್ಕೆ ಹೆಸರಿದೆ: ಹಂದಿಗೋಡು ಕಾಯಿಲೆ. 1974–75ರಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಿಂದ ಹೊರಜಗತ್ತಿಗೆ ಗೊತ್ತಾಯ್ತು. ಹೆಚ್ಚಾಗಿ ಬಂದಿದ್ದು ಚನ್ನಂಗಿ, ಚಲವಾದಿ ಜನಕ್ಕೆ, ಅಂದ್ರೆ ಗದ್ದೆ ಕೂಲಿ ಮಾಡೋ ನಮಗೆ. ಮೊದಮೊದಲು ಗದ್ದೆ ಏಡಿ ತಿಂದಿದ್ದಕ್ಕೆ ಬಂತು ಅಂದ್ರು. ಆಮೇಲೆ ಐಸಿಎಂಆರ್ ವಿಜ್ಞಾನಿಗಳು ಬಂದು ಪರೀಕ್ಷೆ ಮಾಡಿ, ಮೂಳೆ ಬೆಳವಣಿಗೆಯ ದೋಷ, ವಂಶದಲ್ಲಿ ಬರುತ್ತೆ ಅಂದ್ರು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ರೂ ಮಗುವಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ.

ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಅದಕ್ಕೆ ಸ್ವಂತ ಕೋಡ್ ಇದೆ, ಎ 98.2. ಇರಲೇಬೇಕು, ಅದಕ್ಕೆ ಸತ್ತವರೂ ನಮ್ಮ ಜನಾನೇ. ಆದ್ರೆ ಹಂದಿಗೋಡಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಹತ್ತಿರದ ಕೋಡ್ ಕ್ಯೂ 77.7, ಹುಟ್ಟಿನಿಂದಲೇ ಬರೋ ಬೆನ್ನುಮೂಳೆ, ಕೀಲುಗಳ ಬೆಳವಣಿಗೆ ದೋಷದ್ದು. ದೊಡ್ಡಮ್ಮನ ಚೀಟಿಯಲ್ಲಿ ಅದೂ ಇಲ್ಲ.

"ಚಿಕಿತ್ಸೆ ಸಿಕ್ತಲ್ಲ, ಕೋಡ್ ತಗೊಂಡು ಏನ್ ಮಾಡ್ತೀರಿ?" ಅಂತಾರೆ. ಸರ್ಕಾರದ ಕಂಪ್ಯೂಟರು ಎಣಿಸೋದು ಕೋಡನ್ನೇ ಸ್ವಾಮಿ. ಎಂ 16 ಅಂತ ಬರೆದ ದಿನವೇ ದೊಡ್ಡಮ್ಮ ಹಂದಿಗೋಡಿನ ಲೆಕ್ಕದಿಂದ ಮಾಯ. ರೋಗಿಗಳೇ ಕಾಣದಿದ್ದ ಮೇಲೆ ಯೋಜನೆ ಯಾರಿಗೆ, ಅನುದಾನ ಯಾರಿಗೆ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆಸ್ಪತ್ರೆಗೆ ದುಡ್ಡು ಹೋಗೋದು ಪ್ಯಾಕೇಜ್ ಲೆಕ್ಕದಲ್ಲಿ. ರೇಟು ಆಪರೇಷನ್ನಿಗೆ. ಅದನ್ನ ಮಾಡಿಸ್ಕೊಳ್ಳೋ ದೇಹ ಎಷ್ಟು ಹಣ್ಣಾಗಿದೆ ಅನ್ನೋದಕ್ಕಲ್ಲ. ಎಪ್ಪತ್ತರ ಅಜ್ಜನ ಸೊಂಟಕ್ಕೂ, ಮೂವತ್ತಕ್ಕೇ ಸೊಂಟ, ಮಂಡಿ, ಬೆನ್ನು ಮೂರೂ ಹೋದ ನಮ್ಮ ಹುಡುಗನ ಸೊಂಟಕ್ಕೂ ಒಂದೇ ಲೆಕ್ಕ. ಹಂಗಾದ್ರೆ ಆಸ್ಪತ್ರೆಗೆ ಯಾರು ಬೇಕಾಗ್ತಾರೆ, ಯಾರು ಹೊರೆ ಆಗ್ತಾರೆ, ನೀವೇ ಹೇಳಿ.

ಅಮೆರಿಕದ ಮೆಡಿಕೇರ್ ಅಡ್ವಾಂಟೇಜ್‌ನಲ್ಲಿ ಕೋಡಿನಲ್ಲಿ ಕಾಯಿಲೆ ಭಾರವಾದಷ್ಟೂ ವಿಮಾ ಕಂಪನಿಗೆ ಸರ್ಕಾರ ಹೆಚ್ಚು ಕೊಡುತ್ತೆ. ದುಡ್ಡಿನಾಸೆಗೆ ಆಧಾರವಿಲ್ಲದ ಕೋಡ್ ತುಂಬಿದ್ರು ಅಂತ ಅಲ್ಲಿನ ಸರ್ಕಾರವೇ ಕಂಪನಿಗಳ ಮೇಲೆ ಕೇಸು ಹಾಕಿದೆ. ಅಲ್ಲಿ ಇಲ್ಲದ ಕಾಯಿಲೆ ಬರೆಯೋ ಆರೋಪ, ಇಲ್ಲಿ ಐವತ್ತು ವರ್ಷದಿಂದ ಇರೋ ಕಾಯಿಲೆ ಬರೆಯಲ್ಲ. ಎರಡು ಕಡೆನೂ ಕೋಡ್ ಅಂದ್ರೆ ದುಡ್ಡು. ಕೋಡ್ ಬರೀ ಡಾಕ್ಟರ ವಿಷಯ ಅಂತ ಸುಮ್ಮನಿರಬೇಡಿ.

ನಾವು ಕೇಳ್ತಿರೋದು ಭಿಕ್ಷೆಯಲ್ಲ. ಕೇಸ್ ಶೀಟಲ್ಲಿ "ಹಂದಿಗೋಡು" ಅಂತ ಬರೀರಿ. ರಾಜ್ಯದ ಯೋಜನೆಯಲ್ಲಿ ಅದಕ್ಕೊಂದು ಕೋಡ್ ಕೊಡಿ. ಮೂರೂ ತಾಲ್ಲೂಕಲ್ಲಿ ಮನೆಮನೆ ಲೆಕ್ಕ ತೆಗೆದು ರಿಜಿಸ್ಟರ್ ಮಾಡಿ. ಎರಡೂ ಸೊಂಟದ ಆಪರೇಷನ್, ಆಮೇಲಿನ ಫಿಸಿಯೋಥೆರಪಿ, ಊರಿಂದ ಆಸ್ಪತ್ರೆಗೆ ಹೋಗಿಬರೋ ಖರ್ಚು ಸೇರಿಸಿ ರೇಟು ಕಟ್ಟಿ.

ಅಲ್ಲಿವರೆಗೆ ನಮ್ಮವರಿಗೊಂದು ಮಾತು. ಮನೇಲಿರೋ ಹಳೇ ಚೀಟಿ, ಎಕ್ಸ್‌ರೇ ಒಂದನ್ನೂ ಎಸೀಬೇಡಿ. ಡಾಕ್ಟರ ಮುಂದೆ ಕೂತಾಗ ಕೇಳಿ: "ಸಾರ್, ಕಾಯಿಲೆ ಹೆಸರು ಏನಂತ ಬರೆದ್ರಿ?"

ಜೈ ಭೀಮ್.