ಬೀಳ್ಕೊಡುವ ಬಗೆ

ಬಂದವರಿಗೆ ನೀರು ಕೊಟ್ಟು ಕುಳ್ಳಿರಿಸುವ ಪದ್ಧತಿಯು ನಮ್ಮ ಸೀಮೆಯ ಪ್ರತಿಯೊಂದು ಮನೆಯಲ್ಲಿಯೂ ಉಂಟು. ಹೋಗುವವರನ್ನು ಕಳಿಸುವ ಪದ್ಧತಿಯೂ ಉಂಟು. ಆದರೆ ಅದು ಹೆಚ್ಚು ಕಠಿಣವಾದದ್ದು. ಗಂಡನ ಮನೆಗೆ ಹೊರಟ ಮಗಳಿಗೆ ಉಡಿ ತುಂಬುವಾಗ, ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೊರಟ ಮಗನಿಗೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟುವಾಗ, ವರ್ಗವಾದ ಮಾಸ್ತರರನ್ನು ಬಸ್ಸಿನವರೆಗೆ ಕಳಿಸಿ ತಿರುಗಿ ಬರುವಾಗ ಆಡಬೇಕೆಂದ ಮಾತು ಬಾಯಲ್ಲಿಯೇ ಉಳಿದುಬಿಡುವದು. ಈ ತಿಂಗಳು ಇಂಥದೊಂದು ಕಳಿಸುವಿಕೆಯ ವಿಷಯವನ್ನೇ ವಾಚಕರ ಮುಂದಿಡಬೇಕೆಂದು ನಾವು ಎಣಿಸಿದ್ದೇವೆ. ಆದರೆ ಇದು ಮನೆಯ ಮಾತಲ್ಲ, ಮೈದಾನದ್ದು. ಕಾಲ್ಚೆಂಡಾಟದ ಅಭಿಮಾನಿಗಳು ತಮ್ಮ ಮೆಚ್ಚಿನ ಆಟಗಾರನನ್ನು ಹೇಗೆ ಬೀಳ್ಕೊಟ್ಟರು, ಅದರಿಂದ ನಮ್ಮಂಥ ಸಂಸಾರಿಗಳು ತಿಳಿಯಬೇಕಾದದ್ದೇನು ಎಂಬದೇ ಇಲ್ಲಿಯ ವಿಚಾರ.

ಬಿಜ್ಜರಗಿಯಂಥ ಊರಿನ ವಾಚಕರು ಇಲ್ಲಿಯೇ ನಮ್ಮನ್ನು ತಡೆದು ಕೇಳಬಹುದು: “ನಮ್ಮದು ಕಬಡ್ಡಿಯ ನಾಡು, ಕುಸ್ತಿಯ ನಾಡು; ವಿಜಯಪುರವೆಂದರೆ ಸೈಕಲ್ ಪಟುಗಳ ಊರು. ಕಾಲ್ಚೆಂಡಿನ ಗೊಡವೆ ನಮಗೇಕೆ?” ಪ್ರಶ್ನೆಯು ಯೋಗ್ಯವಾದದ್ದೇ. ಆದರೆ ತಿಕೋಟಾ, ಬಬಲೇಶ್ವರದ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿ ದುಡಿಯುತ್ತಿರುವರು. ಅವರಲ್ಲಿ ಕೆಲವರಾದರೂ ಸಂಜೆಗೆ ನೀಲಿ ಅಂಗಿ ತೊಟ್ಟು ಶ್ರೀ ಕಂಠೀರವ ಕ್ರೀಡಾಂಗಣದ ಪಡುವಲ ಕಟ್ಟೆಯ ಮೇಲೆ ನಿಂತು ಹಾಡಿರಲಿಕ್ಕೆ ಸಾಕು. ಮಕ್ಕಳು ಯಾತಕ್ಕಾಗಿ ನಗುತ್ತಾರೆ, ಯಾತಕ್ಕಾಗಿ ಅಳುತ್ತಾರೆಂಬದು ತಾಯಿತಂದೆಗಳಿಗೆ ತಿಳಿದಿರುವದು ಒಳ್ಳೆಯದಲ್ಲವೆ?

ಮೊದಲು ಸಂಗತಿಯನ್ನು ಹೇಳುವೆವು. ಶ್ರೀ ಸುನೀಲ ಛೇತ್ರಿಯವರು 1984ನೆಯ ಇಸವಿಯಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದವರು, ಸೈನಿಕರ ಮಗ. ದೇಶದ ಪರವಾಗಿ 2005ರ ಜೂನ್ ತಿಂಗಳಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದೆದುರಿಗೆ ಮೊದಲ ಆಟವಾಡಿದರು; ಆ ಆಟದಲ್ಲಿಯೇ ಗೋಲು ಹೊಡೆದರು. ಅನೇಕ ತಂಡಗಳಲ್ಲಿ ಆಡಿದ ಮೇಲೆ 2013ರಲ್ಲಿ, ಆಗತಾನೆ ಹುಟ್ಟಿದ ಬೆಂಗಳೂರು ತಂಡಕ್ಕೆ ಬಂದರು. ಆ ತಂಡವು ತನ್ನ ಮೊದಲ ವರ್ಷದಲ್ಲಿಯೇ ರಾಷ್ಟ್ರೀಯ ಲೀಗನ್ನು ಗೆದ್ದುಕೊಂಡಿತು. 2016ರಲ್ಲಿ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಕೊನೆಯ ಪಂದ್ಯದವರೆಗೆ ಏರಿ, ದೋಹಾದಲ್ಲಿ ಇರಾಕದ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. 2019ರಲ್ಲಿ ಇಂಡಿಯನ್ ಸುಪರ್ ಲೀಗ್, 2022ರಲ್ಲಿ ಡ್ಯುರಾಂಡ್ ಕಪ್ ಅದರ ಕೈಸೇರಿದವು. ಹೊರಗಿನಿಂದ ಬಂದ ಈ ಗಿಡ್ಡ ಆಳನ್ನು ಬೆಂಗಳೂರು ತನ್ನವನನ್ನಾಗಿ ಮಾಡಿಕೊಂಡಿತು.

ಕಂಠೀರವ ಕ್ರೀಡಾಂಗಣದಲ್ಲಿ ಆಟದ ಬಯಲಿಗೂ ನೋಟಕರ ಕಟ್ಟೆಗೂ ನಡುವೆ ಓಟದ ಪಥವೊಂದು ಸುತ್ತುವರಿದಿದೆ. ಪಂದ್ಯ ಮುಗಿದೊಡನೆ ಆಟಗಾರರು ಆ ಪಥದ ಕಡೆಗೆ ನಡೆದು ಬಂದು ಪಡುವಲ ಕಟ್ಟೆಯ ಅಭಿಮಾನಿಗಳಿಗೆ ಎದುರಾಗಿ ನಿಲ್ಲುವರು; ಎರಡೂ ಕಡೆಯವರು ಕೈಗಳನ್ನು ತಲೆಯ ಮೇಲೆತ್ತಿ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆಯುವರು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ತಮ್ಮನ್ನು ಕರೆದುಕೊಳ್ಳುವ ಈ ಮಂದಿ ಆಟದುದ್ದಕ್ಕೂ ಕುಳಿತುಕೊಳ್ಳುವವರಲ್ಲ, ನಿಂತು ಹಾಡುವವರು. ಗೆದ್ದಾಗ ಹಾಡುವದು ದೊಡ್ಡ ಮಾತಲ್ಲ, ಸೋತಾಗಲೂ ಹಾಡುವರೆಂಬದೇ ವಿಶೇಷ.

2024ರ ಮೇ 16ರಂದು ಶ್ರೀ ಛೇತ್ರಿಯವರು ದೇಶದ ತಂಡದಿಂದ ತಾವು ನಿವೃತ್ತರಾಗುವದಾಗಿ ಸಾರಿದರು. ಜೂನ್ 6ರಂದು ಕೋಲಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತಿನೊಡನೆ ಕೊನೆಯ ಪಂದ್ಯ. ಸುಮಾರು 59 ಸಾವಿರ ಜನರು ಕೂಡಿದ್ದರು. ಗೋಲು ಒಂದೂ ಆಗಲಿಲ್ಲ, ಸರಿಸಮವಾಗಿ ಮುಗಿಯಿತು. ಕಥೆಗಾರನಾಗಿದ್ದರೆ ಕೊನೆಯ ಗಳಿಗೆಯಲ್ಲಿ ಒಂದು ಗೋಲು ಹೊಡೆಸುತ್ತಿದ್ದನು. ಆಟವು ಕಥೆಗಾರನ ಮಾತು ಕೇಳುವದಿಲ್ಲ. 151 ಪಂದ್ಯ, 94 ಗೋಲು, 19 ವರ್ಷ: ಈ ಲೆಕ್ಕದೊಡನೆ ಅವರು ಮೈದಾನವನ್ನು ಸುತ್ತಿ ಬಂದರು. ಜೊತೆಯ ಆಟಗಾರರು ಎರಡು ಸಾಲಾಗಿ ನಿಂತು ದಾರಿ ಬಿಟ್ಟರು. ಆತನು ಕಣ್ಣೀರು ತಡೆಯದಾದನು. ದೇಶದ ಪರವಾಗಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಆ ದಿನ ಜಗತ್ತಿನಲ್ಲಿ ಆತನಿಗಿಂತ ಮುಂದೆ ಇದ್ದವರು ಮೂವರೇ: ಪೋರ್ತುಗಾಲದ ರೊನಾಲ್ಡೊ, ಅರ್ಜೆಂಟಿನಾದ ಮೆಸ್ಸಿ, ಇರಾಣದ ಅಲಿ ದಾಯಿ.

ಇಷ್ಟನ್ನು ಕೇಳಿ ಸಂತೋಷಪಟ್ಟು ಸುಮ್ಮನಾಗಬಹುದಾಗಿತ್ತು. ಆದರೆ ಈ 59 ಸಾವಿರದ ಪಕ್ಕದಲ್ಲಿ ನಾವು ಇನ್ನೊಂದು ಅಂಕಿಯನ್ನು ಇಡಬೇಕಾಗಿದೆ. ಆರು ವರ್ಷಗಳ ಹಿಂದೆ, 2018ರ ಜೂನ್ 1ರಂದು ಮುಂಬಯಿಯಲ್ಲಿ ಇದೇ ಆಟಗಾರನು ಚೀನೀ ತೈಪೆಯೆದುರಿಗೆ ಮೂರು ಗೋಲು ಹೊಡೆದನು. ನಮ್ಮವರು ಐದು ಗೋಲುಗಳಿಂದ ಗೆದ್ದರು. ನೋಡಲಿಕ್ಕೆ ಬಂದವರು ಸುಮಾರು 2,500 ಜನ! ಮರುದಿನ ಆತನು ಕೆಮರಾದ ಮುಂದೆ ನಿಂತು ಕೈಮುಗಿದನು. ಬೈಯುವದಿದ್ದರೂ ಬನ್ನಿರಿ, ಆದರೆ ಮೈದಾನಕ್ಕೆ ಬನ್ನಿರಿ ಎಂಬುದು ಆ ಬಿನ್ನಹದ ಸಾರಾಂಶ. ಜೂನ್ 4ರಂದು ಕೆನ್ಯಾದೆದುರಿಗಿನ ಪಂದ್ಯವು ಆತನ 100ನೆಯದು; ಅಂದು ಮಳೆ ಸುರಿಯುತ್ತಿದ್ದರೂ ಕಟ್ಟೆಗಳು ತುಂಬಿದ್ದವು. ಆತನು ಎರಡು ಗೋಲು ಹೊಡೆದು ಅವರ ಋಣ ತೀರಿಸಿದನು.

ವಾಚಕರು ಈ ಎರಡು ಅಂಕಿಗಳನ್ನು ಮನಸ್ಸಿನಲ್ಲಿ ತೂಗಿ ನೋಡಬೇಕೆಂದು ನಮ್ಮ ವಿನಂತಿ. ಹೋಗುವ ದಿನ 59 ಸಾವಿರ. ಇದ್ದ ದಿನ 2,500. ಇದು ಕಾಲ್ಚೆಂಡಿನ ಮಾತಷ್ಟೇ ಅಲ್ಲ. ಊರಿನ ಶಾಲೆಯಲ್ಲಿ ಹತ್ತು ವರ್ಷ ದುಡಿದ ಮಾಸ್ತರರನ್ನು ವರ್ಗದ ದಿನ ಹಾರ ಹಾಕಿ, ಶಾಲು ಹೊದಿಸಿ, ಹೊಗಳಿ ಹೊಗಳಿ ಕಳಿಸುವೆವು. ಆ ಹತ್ತು ವರ್ಷಗಳಲ್ಲಿ ಒಂದು ದಿನವಾದರೂ ಶಾಲೆಯ ಬಾಗಿಲಿಗೆ ಹೋಗಿ, “ಹುಡುಗನ ಅಭ್ಯಾಸ ಹೇಗೆ ನಡೆದಿದೆ, ಗುರುಗಳೇ?” ಎಂದು ಕೇಳಿದ ತಂದೆಗಳು ಎಷ್ಟು ಜನ? ಕೊನೆಯ ದಿನದ ಹಾರವು ಸುಳ್ಳೆಂದು ನಾವು ಅನ್ನುವದಿಲ್ಲ. ಆದರೆ ನಡುವಿನ ದಿನಗಳಲ್ಲಿ ಕೊಡದಿದ್ದದ್ದನ್ನು ಆ ಒಂದು ಹಾರದಲ್ಲಿ ತುಂಬಿ ಕೊಡಲು ಬರುವದಿಲ್ಲ.

ಬೆಂಗಳೂರಿನ ಕಾಲ್ಚೆಂಡಿನ ಹಿಂದಿನ ಚರಿತ್ರೆಯೂ ಇದನ್ನೇ ಹೇಳುವದು. 1948ರ ಲಂಡನ್ ಒಲಿಂಪಿಕದಲ್ಲಿ ಸ್ವತಂತ್ರ ಭಾರತದ ತಂಡದ ಬಹುತೇಕ ಆಟಗಾರರು ಬರಿಗಾಲಿನಿಂದ ಫ್ರಾನ್ಸಿನೊಡನೆ ಆಡಿ 2–1ರಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ಮರುವರ್ಷವೇ ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಧನರಾಜರೂ ಅಲ್ಲಿದ್ದರು. ಆ ತಂಡದ ಮುಂಚೂಣಿಯ ಐವರನ್ನು ಕಲಕತ್ತೆಯ ಜನರು ‘ಪಂಚ ಪಾಂಡವರು’ ಎಂದು ಕರೆದು ತಲೆಯ ಮೇಲೆ ಹೊತ್ತರು. ನಮ್ಮ ನಾಡಿನ ಮಕ್ಕಳು ಪರಸ್ಥಳದಲ್ಲಿ ಪಾಂಡವರಾದರು. ನಮ್ಮವರಲ್ಲಿ ಎಷ್ಟು ಜನರಿಗೆ ಅವರ ಹೆಸರು ಗೊತ್ತು? ಅಹಮದ್ ಖಾನರು 2017ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಇನ್ನೂ ಸಮೀಪದ ಮಾತೆಂದರೆ, 2023ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದ ತಂಡವು ಸೌದಿ ಅರೇಬಿಯದ ರಿಯಾಧದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ತರುವಾಯ ಸಂತೋಷ ಟ್ರೋಫಿಯನ್ನು ತಂದಿತು. ಆ ತಂಡದ ಒಬ್ಬನ ಹೆಸರನ್ನಾದರೂ ನೆನಪಿನಿಂದ ಹೇಳಬಲ್ಲ ಮನೆಗಳು ನಮ್ಮಲ್ಲಿ ಎಷ್ಟಿರಬಹುದು?

ಕೆಲವರು ಹೇಳುವದುಂಟು: “ಆಟಗಾರನು ಸಂಬಳಕ್ಕಾಗಿ ಆಡುವವನು, ನಾಳೆ ಹೆಚ್ಚು ಕೊಟ್ಟಲ್ಲಿಗೆ ಹೋಗುವನು. ಅವನಿಗಾಗಿ ಅಳುವದು ಹುಚ್ಚುತನ.” ಇದು ಪೂರ್ತಿ ಸುಳ್ಳಲ್ಲ. ಬೆಂಗಳೂರು ತಂಡಕ್ಕೆ ಮೊದಲ ವರ್ಷದಿಂದಲೂ ಬೆನ್ನೆಲುಬಾಗಿದ್ದ ಆಂಗ್ಲ ಆಟಗಾರ ಜಾನ್ ಜಾನ್ಸನ್ನರು 2018ರಲ್ಲಿ ಕೋಲಕತ್ತೆಯ ಎದುರಾಳಿ ತಂಡಕ್ಕೆ ಹೋದರು. ಆದರೆ ನಾವು ಕೇಳುವೆವು: ಮಾಸ್ತರರು ಸಂಬಳ ತೆಗೆದುಕೊಳ್ಳುವದಿಲ್ಲವೆ? ಸೂಲಗಿತ್ತಿಯು ಕಾಳುಕಡಿ ಇಸಿದುಕೊಳ್ಳುತ್ತಿರಲಿಲ್ಲವೆ? ಹಾಗೆಂದು ಅವರ ಋಣವು ಹಣ ಕೊಟ್ಟೊಡನೆ ಹರಿಯಿತೆಂದು ನಮ್ಮ ಹಿರಿಯರು ಎಣಿಸಲಿಲ್ಲ. ಕೂಲಿಯು ಕೆಲಸಕ್ಕೆ ಸಲ್ಲುವದು. ಕೆಲಸದಲ್ಲಿ ಇಟ್ಟ ಮನಸ್ಸಿಗೆ ಕೂಲಿಯಿಲ್ಲ. ಅದಕ್ಕೆ ಸಲ್ಲಬೇಕಾದದ್ದು ನೆನಪು. ಅದು ಅಭಿಮಾನಿಯ ಪಾಲಿನ ಸಾಲ. ಆದಕಾರಣ ಹೋಗುವವನು ಎಲ್ಲಿಗೇ ಹೋಗಲಿ, ನಮ್ಮಲ್ಲಿ ಇದ್ದಷ್ಟು ದಿನ ಮನಸ್ಸಿಟ್ಟು ಆಡಿದನೋ ಇಲ್ಲವೋ ಎಂಬದನ್ನು ಮಾತ್ರ ನೋಡಬೇಕು. ಆಡಿದ್ದರೆ ಎದುರಾಳಿಯ ಅಂಗಿಯಲ್ಲಿ ತಿರುಗಿ ಬಂದಾಗಲೂ ಅವನಿಗೊಂದು ಚಪ್ಪಾಳೆ ಸಲ್ಲಬೇಕು.

ಶ್ರೀ ಛೇತ್ರಿಯವರ ಕಥೆಯು ಕೋಲಕತ್ತೆಯಲ್ಲಿ ಮುಗಿಯಲಿಲ್ಲ. ಬೆಂಗಳೂರು ತಂಡದಲ್ಲಿ ಆಡುತ್ತಲೇ ಇದ್ದು, 40 ವರ್ಷ ದಾಟಿದ ಮೇಲೆಯೂ 2024–25ರ ಲೀಗಿನಲ್ಲಿ 14 ಗೋಲು ಹೊಡೆದರು. ದೇಶದ ತಂಡದಲ್ಲಿ ಗೋಲು ಹೊಡೆಯುವವರ ಬರ ಬಿದ್ದಿತ್ತು; ತರಬೇತಿಯವರು ಮತ್ತೆ ಕರೆದರು. 2025ರ ಮಾರ್ಚ್ ತಿಂಗಳಲ್ಲಿ ಶಿಲ್ಲಾಂಗದಲ್ಲಿ ಮಾಲ್ದೀವದೆದುರಿಗೆ ಆಡಿ 95ನೆಯ ಗೋಲನ್ನು ತಲೆಯಿಂದ ಹೊಡೆದರು. ಏಷ್ಯಾ ಕಪ್ಪಿನ ಅರ್ಹತೆಯು ದೇಶಕ್ಕೆ ದಕ್ಕಲಿಲ್ಲ. ಅದೇ ವರ್ಷದ ಕೊನೆಗೆ ಎರಡನೆಯ ಸಾರೆ ದೇಶದ ತಂಡದಿಂದ ದೂರವಾದರು. ಈ ಸಲ 59 ಸಾವಿರ ಜನರೂ ಇರಲಿಲ್ಲ, ಸಾಲಾಗಿ ನಿಂತವರೂ ಇರಲಿಲ್ಲ.

ಅವರು ತಿರುಗಿ ಬಂದಾಗ ನಕ್ಕವರುಂಟು: “ಅತ್ತು ಕಳಿಸಿದ್ದೆಲ್ಲ ವ್ಯರ್ಥವಾಯಿತಲ್ಲ!” ಎಂದು. ನಮಗೆ ಹಾಗೆ ತೋರುವದಿಲ್ಲ. ಉಡಿ ತುಂಬಿ ಕಳಿಸಿದ ಮಗಳು ಪಂಚಮಿಗೆ ತವರಿಗೆ ಬರುವಳು. “ಹೋದ ಸಲ ಅತ್ತದ್ದು ದಂಡವಾಯಿತು” ಎಂದು ಯಾವ ತಾಯಿಯೂ ಅಂದದ್ದಿಲ್ಲ. ಜೋಕಾಲಿ ಕಟ್ಟಿ, ಉಂಡಿ ತಿನಿಸಿ ಮತ್ತೆ ಕಳಿಸುವಳು, ಮತ್ತೆ ಅಳುವಳು. ಬೀಳ್ಕೊಡುವದೆಂದರೆ ಬಾಗಿಲು ಹಾಕಿಕೊಳ್ಳುವದಲ್ಲ. ನಮಗೆ ವ್ಯಸನವಾದದ್ದು ಅವರು ತಿರುಗಿ ಬಂದದ್ದಕ್ಕಲ್ಲ. ನಲವತ್ತು ದಾಟಿದವನನ್ನು ಮತ್ತೆ ಕರೆಯಬೇಕಾಯಿತೆಂಬದಕ್ಕೆ, ಎರಡನೆಯ ಸಾರೆ ಹೋದಾಗ ನಾವು ತಲೆಯೆತ್ತಿಯೂ ನೋಡಲಿಲ್ಲವೆಂಬದಕ್ಕೆ. ಮೊದಲನೆಯ ಸಲದ ಕಣ್ಣೀರು ಆತನಿಗಾಗಿ ಸುರಿದದ್ದಾಗಿದ್ದರೆ ಎರಡನೆಯ ಸಲಕ್ಕೂ ಒಂದಿಷ್ಟು ಉಳಿದಿರಬೇಕಾಗಿತ್ತು.

ಬೀಳ್ಕೊಡುವದೆಂದರೇನು ಎಂಬದನ್ನು ಬಿಜ್ಜರಗಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಈ ಊರಿನಲ್ಲಿ ಹುಟ್ಟಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ವಿಜಯಪುರದಲ್ಲಿ ದೇಹವಿಟ್ಟಾಗ ಲಕ್ಷಾಂತರ ಜನರು ಚಳಿಯಲ್ಲಿ ಸಾಲುಗಟ್ಟಿ ನಿಂತದ್ದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡವರೇ. ಆಟಗಾರನನ್ನು ಸಂತರಿಗೆ ಹೋಲಿಸುವ ಅವಿವೇಕವು ನಮಗೆ ಬೇಡ. ನಮಗೆ ಬೇಕಾದದ್ದು ಅವರು ಬರೆದಿಟ್ಟ ಕೊನೆಯ ಅಪೇಕ್ಷೆ: ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು. ಕಲ್ಲಿನಲ್ಲಿ ನಿಲ್ಲಿಸಿ ಕೈತೊಳೆದುಕೊಳ್ಳುವ ದಾರಿಯನ್ನು ಅವರು ಭಕ್ತರಿಗೆ ಬಿಡಲಿಲ್ಲ. ಕೇಳಿದ ಮಾತಿನಂತೆ ನಾಲ್ಕು ದಿನವಾದರೂ ನಡೆಯುವದೊಂದೇ ಉಳಿದ ದಾರಿ. ದೊಡ್ಡವರನ್ನಾಗಲಿ ಚಿಕ್ಕವರನ್ನಾಗಲಿ ನಿಜವಾಗಿ ಬೀಳ್ಕೊಡುವ ರೀತಿಯು ಅವರು ಹೋದ ಮರುದಿನದಿಂದ ಪ್ರಾರಂಭವಾಗುವದೆಂಬದು ಇದರಿಂದ ಸ್ಪಷ್ಟವಿದೆ.

ಇನ್ನು ಮನೆಯೊಳಗಿನ ಎರಡು ಮಾತು. ನೆಚ್ಚಿನ ಆಟಗಾರನು ಹೋದನೆಂದು ನಿಮ್ಮ ಹುಡುಗನೋ ಹುಡುಗಿಯೋ ಟಿ.ವಿ.ಯ ಮುಂದೆ ಕುಳಿತು ಅತ್ತರೆ ದಯವಿಟ್ಟು ನಗಬೇಡಿರಿ, “ಅವನೇನು ನಿನ್ನ ಕಾಕನೇ, ಮಾಮನೇ?” ಎಂದು ಚೇಷ್ಟೆ ಮಾಡಬೇಡಿರಿ. ತನ್ನ ಗುರುತೇ ಇಲ್ಲದ ಒಬ್ಬನ ದುಡಿಮೆಯನ್ನು ಮೆಚ್ಚಿ ಅವನಿಗಾಗಿ ಮರುಗುವ ಮನಸ್ಸು ಕೆಟ್ಟ ಮನಸ್ಸಲ್ಲ. ಅದು ನಾಳೆ ನೆರೆಯವರ ದುಃಖಕ್ಕೂ ಮರುಗೀತು. ಆ ಮಗುವನ್ನು ಹತ್ತಿರ ಕರೆದು, “ಅವನ ಯಾವ ಆಟ ನಿನಗೆ ಸೇರಿತು?” ಎಂದು ಕೇಳಿರಿ. ಹೇಳುತ್ತ ಹೇಳುತ್ತ ಅಳು ನಿಲ್ಲುವದು.

ಎರಡನೆಯದು ನಿರೋಪ ಸಮಾರಂಭಗಳ ವಿಷಯ. ನಮ್ಮ ಕಡೆಯ ಸಮಾರಂಭಗಳಲ್ಲಿ ಹೊಗಳಿಕೆಯು ಹೆಚ್ಚು, ಸಂಗತಿಯು ಕಡಿಮೆ. “ಮಹಾನುಭಾವರು, ಅಜಾತಶತ್ರುಗಳು” ಎಂಬ ಮಾತುಗಳು ಯಾರಿಗೆ ಬೇಕಾದರೂ ಸಲ್ಲುವವು; ಅಂತಲೇ ಯಾರಿಗೂ ಸಲ್ಲವು. ಅದರ ಬದಲು, “ಇಂಥ ವರ್ಷ ಮಳೆ ಹೋದಾಗ ನೀವು ಹೀಗೆ ಮಾಡಿದಿರಿ, ನನ್ನ ಮಗನಿಗೆ ಲೆಕ್ಕ ಬಾರದಾಗ ಸಂಜೆಗೆ ಕರೆದು ಹೇಳಿಕೊಟ್ಟಿರಿ” ಎಂದು ಒಂದು ನಿಜವಾದ ಸಂಗತಿಯನ್ನು ಎದ್ದುನಿಂತು ಹೇಳಿದರೆ ಸಾಕು. ಕೇಳಿದವನು ಅದನ್ನು ಸಾಯುವವರೆಗೂ ಮರೆಯುವದಿಲ್ಲ.

ಶ್ರೀ ಛೇತ್ರಿಯವರಂಥವರು ಬೇಡಿದ್ದು ಹಾರವನ್ನಲ್ಲ, ಬರುವಿಕೆಯನ್ನು. ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳು ಬಿಡುವಾದ ಸಂಜೆ ಮೈದಾನಕ್ಕೆ ಹೋಗಲಿ. ಅಲ್ಲಿ ಇನ್ನೂ ಹೆಸರಾಗದ ಹುಡುಗರು ಆಡುತ್ತಿರುವರು. ಊರಲ್ಲಿರುವ ನಾವು ಶಾಲೆಯ ಬಯಲಿನಲ್ಲಿ ಹುಡುಗ ಹುಡುಗಿಯರ ಕಬಡ್ಡಿ ನಡೆದಾಗ ಹೊಲದಿಂದ ಬರುವ ದಾರಿಯಲ್ಲಿ ಅರ್ಧ ತಾಸು ನಿಂತು ನೋಡೋಣ. ಗೆದ್ದವರ ಹೆಸರನ್ನೂ ಸೋತವರ ಹೆಸರನ್ನೂ ಕೇಳಿ ತಿಳಿದುಕೊಂಡು ಮನೆಗೆ ಬಂದು ಊಟಕ್ಕೆ ಕುಳಿತಾಗ ಹೇಳೋಣ.