ಕಾಫಿ ತೋಟದ ಪ್ರೇಮಕಥೆ: ಗೊತ್ತಿರುವ ಕಥೆಯೇ ಯಾಕೆ ಇಷ್ಟವಾಗುತ್ತದೆ? ಎಲ್ಲಿ ಎಚ್ಚರ ಬೇಕು?

ಪೇಟೆಯ ಹುಡುಗ ಮಲೆನಾಡಿಗೆ ಬರುತ್ತಾನೆ. ಜೀಪು ಕೆಡುತ್ತದೆ, ಮಳೆ ಸುರಿಯುತ್ತದೆ, ತೋಟದ ಬಂಗಲೆಯ ಹುಡುಗಿ ಕಣ್ಣಿಗೆ ಬೀಳುತ್ತಾಳೆ. ಮೊದಲು ಜಗಳ, ಆಮೇಲೆ ಹಾಡು, ಕೊನೆಗೆ ಮದುವೆ. ಟಿವಿಯಲ್ಲಿ ಬರುವ ಇಂಥ ಕಥೆಯನ್ನು ಅರ್ಧದಿಂದ ನೋಡಿದರೂ ಪೂರ್ತಿ ಅರ್ಥವಾಗುತ್ತದೆ. ಸಕಲೇಶಪುರ, ಆಲೂರು ಕಡೆಯ ಗುಡ್ಡಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಇಂಥ ಸಿನಿಮಾಗಳ ತುಣುಕುಗಳು ಈಗ ಸ್ಟೇಟಸ್, ರೀಲ್ಸ್ ಆಗಿ ಫೋನಿನಿಂದ ಫೋನಿಗೆ ಹೋಗುತ್ತವೆ. ಕೆಲವದರ ಜೊತೆಗೆ ಒಂದು ಬುದ್ಧಿಮಾತೂ ಇರುತ್ತದೆ: ಬೇಡ ಅಂದರೂ ಬಿಡಬೇಡ, ಒಂದಿನ ಒಪ್ಪೇ ಒಪ್ತಾಳೆ.

ಕಥೆ ಸರಿ. ಈ ಮಾತು ಸರಿಯೇ?

ಎಲ್ಲವೂ ಒಂದೇ ಅಚ್ಚಿನಲ್ಲಿ ಯಾಕೆ?

ಟಿವಿಗೆಂದೇ ಮಾಡುವ ಪ್ರೇಮಕಥೆಗೆ ಹೆಸರಾದದ್ದು ಅಮೆರಿಕದ ಹಾಲ್‌ಮಾರ್ಕ್ ಚಾನೆಲ್. ಕ್ರಿಸ್‌ಮಸ್ ಹೊತ್ತಿಗೆ ಅದು ಪ್ರತಿವರ್ಷ ಹೊಸ ಸಿನಿಮಾಗಳ ಸಾಲನ್ನೇ ತರುತ್ತದೆ. 2 ಗಂಟೆಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಸುಮಾರು ಒಂದೂವರೆ ಗಂಟೆ. ಪ್ರತಿ ಜಾಹೀರಾತಿಗೂ ಮುಂಚೆ ಒಂದು ಸಣ್ಣ ತಿರುವು ಬೇಕು. ಖರ್ಚು ಕಡಿಮೆ, ಶೂಟಿಂಗ್ ಕೆಲವೇ ವಾರ. ಹಾಗಾಗಿ ಗೆದ್ದ ಅಚ್ಚನ್ನೇ ಮತ್ತೆ ಬಳಸುತ್ತಾರೆ. ನಮ್ಮ ಧಾರಾವಾಹಿಗಳ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಕೊನೆ ಗೊತ್ತಿದ್ದರೆ ಮಜಾ ಹೋಗುತ್ತದೆಯೇ?

ಹಾಗೇನೂ ಇಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಸಂಶೋಧಕರು ಜನರಿಗೆ ಸಣ್ಣ ಕಥೆಗಳನ್ನು ಓದಿಸಿದರು. ಕೊನೆ ಮೊದಲೇ ತಿಳಿದವರಿಗೆ ಕಥೆ ಒಟ್ಟಾರೆ ಹೆಚ್ಚೇ ಹಿಡಿಸಿತ್ತು. ನಂತರದ ಕೆಲವು ಅಧ್ಯಯನಗಳಲ್ಲಿ ಬೇರೆ ಫಲಿತಾಂಶವೂ ಬಂದಿದೆ. ಆದರೂ ಒಂದು ಮಾತು ನಿಜ: ಕೆಟ್ಟದ್ದೇನೂ ಆಗುವುದಿಲ್ಲ ಎಂದು ಗೊತ್ತಿದ್ದರೆ ಮನಸ್ಸು ಹಗುರಾಗಿರುತ್ತದೆ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಜೊತೆಗೆ ಕೂತು ನೋಡಬಹುದು. ಇದು ಈ ಕಥೆಗಳ ದೊಡ್ಡ ಬಲ. ಇಷ್ಟಪಡುವವರನ್ನು ಹೀಯಾಳಿಸಬೇಕಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ?

ಮೊದಲನೆಯದು, ಬೆನ್ನು ಬೀಳುವುದನ್ನೇ ಪ್ರೀತಿ ಎಂದು ತೋರಿಸುವುದು. ಮಿಚಿಗನ್ ವಿಶ್ವವಿದ್ಯಾಲಯದ ಜೂಲಿಯಾ ಲಿಪ್‌ಮನ್ ಇದನ್ನು ಅಧ್ಯಯನ ಮಾಡಿದ್ದಾರೆ. ಕೆಲವು ಮಹಿಳೆಯರಿಗೆ ಹಿಂಬಾಲಿಸುವುದನ್ನು ಪ್ರೇಮವಾಗಿ ತೋರಿಸುವ ಸಿನಿಮಾ, ಇನ್ನು ಕೆಲವರಿಗೆ ಅದನ್ನೇ ಭಯಾನಕವಾಗಿ ತೋರಿಸುವ ಸಿನಿಮಾ ಹಾಕಿದರು. ಪ್ರೇಮದ ಸಿನಿಮಾ ನೋಡಿದವರಲ್ಲಿ, ಅದು ನಿಜದಂತೆಯೇ ಇದೆ ಅಂದುಕೊಂಡವರು ಹಿಂಬಾಲಿಸುವುದನ್ನು ಹಗುರಾಗಿ ಕಾಣುವ ನಂಬಿಕೆಗಳನ್ನು ಹೆಚ್ಚು ಒಪ್ಪಿದ್ದರು. ಒಂದು ಸಿನಿಮಾ ನೋಡಿದ ಮಾತ್ರಕ್ಕೆ ಯಾರೂ ಕೆಟ್ಟುಹೋಗುವುದಿಲ್ಲ. ಆದರೆ ಒಂದೇ ಮಾತು ನೂರು ಕಥೆಯಲ್ಲಿ ಬಂದರೆ ಅದು ಲೋಕರೂಢಿ ಅನಿಸತೊಡಗುತ್ತದೆ.

ಕಾನೂನು ಮಾತ್ರ ಸ್ಪಷ್ಟವಾಗಿದೆ. ಮಹಿಳೆ ಆಸಕ್ತಿ ಇಲ್ಲವೆಂದು ತಿಳಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಎರಡನೆಯದು, ಊರು ಬರೀ ಪರದೆಯಾಗುವುದು. ಬಂಗಲೆ ಕಾಣುತ್ತದೆ, ಕೂಲಿಯವರ ಲೈನ್ ಮನೆ ಕಾಣುವುದಿಲ್ಲ. ಮಳೆಯಲ್ಲಿ ಹಾಡು ಇರುತ್ತದೆ, ಜಿಗಣೆ ಇರುವುದಿಲ್ಲ. ಮಂಜಿನ ತೋಟದಲ್ಲಿ ಜೋಡಿ ಒಂಟಿಯಾಗಿ ಓಡುತ್ತದೆ. ಸಕಲೇಶಪುರ, ಆಲೂರು ಭಾಗದಲ್ಲಿ ಅದೇ ದಾರಿಯಲ್ಲಿ ಕಾಡಾನೆ ಎದುರಾಗಬಹುದು. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಸಕಲೇಶಪುರ ತಾಲ್ಲೂಕಿನಲ್ಲೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ರೀಲ್ಸ್ ನೋಡಿ ಮುಂಜಾನೆ ತೋಟಕ್ಕೆ ನುಗ್ಗುವವರಿಗೆ ಇದು ತಿಳಿದಿರಬೇಕು.

ಅಚ್ಚು ಮುರಿದರೆ ಜನ ನೋಡುವುದಿಲ್ಲವೇ?

'ಮುಂಗಾರು ಮಳೆ' ನೆನಪಿಸಿಕೊಳ್ಳಿ. ಅದು ಟಿವಿಗೆ ಮಾಡಿದ್ದಲ್ಲ, 2006ರ ಡಿಸೆಂಬರ್‌ನಲ್ಲಿ ಚಿತ್ರಮಂದಿರಕ್ಕೆ ಬಂದದ್ದು. ಕಥೆ ನಡೆಯುವುದು ಮಡಿಕೇರಿಯಲ್ಲಿ, ಆದರೆ ಚಿತ್ರೀಕರಣ ಸಕಲೇಶಪುರದ ಕಡೆಯೂ ನಡೆದಿತ್ತು. ಪೇಟೆ ಹುಡುಗ, ಮಳೆ, ತೋಟದ ಮನೆ, ಎಲ್ಲ ಹಳೆಯ ಸಾಮಾನೇ. ಯೋಗರಾಜ್ ಭಟ್ ಬದಲಿಸಿದ್ದು ಕೊನೆಯನ್ನು: ನಾಯಕ ಪ್ರೀತಿ ಬಿಟ್ಟುಕೊಟ್ಟು ಹೊರಡುತ್ತಾನೆ. ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. ಹಾಗೆಂದು ಅದೂ ದೋಷವಿಲ್ಲದ್ದಲ್ಲ. ಮದುವೆ ಗೊತ್ತಾದ ಹುಡುಗಿಯ ಬೆನ್ನು ಬೀಳುವವನೂ ಅವನೇ, ಕೊನೆಗೆ ಬಿಡುವ ತೀರ್ಮಾನ ಮಾಡುವವನೂ ಅವನೇ. ಆಕೆಯ ಮಾತಿಗೆ ಅಲ್ಲೂ ಜಾಗ ಕಡಿಮೆ.

ಫಾರ್ವರ್ಡ್ ಮಾಡುವ ಮುನ್ನ

ಹಾಡು ಹಂಚಿ, ಮಳೆ ಹಂಚಿ, ತೊಂದರೆಯಿಲ್ಲ. ತುಣುಕಿನ ಜೊತೆ ಬುದ್ಧಿಮಾತು ಇದ್ದರೆ ಮಾತ್ರ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದೇ ಹುಡುಗ ನಮ್ಮ ಮನೆ ಹುಡುಗಿಯ ಹಿಂದೆ ದಿನಾ ಬಸ್‌ಸ್ಟ್ಯಾಂಡಿನವರೆಗೆ ಬಂದರೆ ನಮಗೆ ಹಿಡಿಸುತ್ತದೆಯೇ? ಇಲ್ಲ ಎಂದಾದರೆ ಆ ಸಾಲು ಸುಳ್ಳು. ಬೇಡ ಎಂದರೆ ಬೇಡ ಎಂದೇ ಅರ್ಥ. ಅಂಥ ತೊಂದರೆ ಯಾರಿಗಾದರೂ ಆಗುತ್ತಿದ್ದರೆ ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112 ಇವೆ. ಫಾರ್ವರ್ಡ್ ಮಾಡಬೇಕಾದದ್ದು ಇವನ್ನು.